ಓರೆ ಹಲಗೆಯ ಮೇಲಿನ ಪೆಟ್ಟಿಗೆ

ಬಲವಿಜ್ಞಾನದ ಯಾವ ಪಠ್ಯಪುಸ್ತಕವನ್ನು ತೆರೆದರೂ ಒಂದು ಓರೆ ಹಲಗೆ, ಅದರ ಮೇಲೊಂದು ಪೆಟ್ಟಿಗೆ ಇದ್ದೇ ಇರುತ್ತದೆ. ಪೆಟ್ಟಿಗೆಯೊಳಗೆ ಏನಿದೆ, ಅದನ್ನು ಅಲ್ಲಿ ತಂದಿಟ್ಟವರು ಯಾರು, ಅದು ಜಾರಿದರೆ ಯಾರಿಗೆ ನಷ್ಟ ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ಕಲಾ ಕಾಲೇಜಿನ ಸಂಚಿಕೆಯಲ್ಲಿ ಈ ಪೆಟ್ಟಿಗೆಗೇನು ಕೆಲಸವೆಂದು ಸಂಪಾದಕ ಮಿತ್ರರು ಹುಬ್ಬೇರಿಸಿದರು. ನಾನು ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದಿ ಇಲ್ಲಿಗೆ ಬಂದವನು. ಸಂಜೆಯ ಹೊತ್ತು ನೆರೆಮನೆಯ ಹುಡುಗರಿಗೆ ಲೆಕ್ಕ ಹೇಳಿಕೊಡುವುದುಂಟು. ಆ ಹುಡುಗರು ತಪ್ಪುವ ಜಾಗದಲ್ಲೇ ನಾನೂ ಹಿಂದೆ ತಪ್ಪಿದ್ದೆ. ಅನಂತರ ಪರೀಕ್ಷೆಯ ಕೋಣೆಯ ಹೊರಗೂ ಒಮ್ಮೆ ತಪ್ಪಿದೆ. ಆ ಎರಡು ತಪ್ಪುಗಳ ಕತೆಯೇ ಈ ಪಾಠ.

ಮೊದಲನೆಯದು ಕಿರುಪರೀಕ್ಷೆಯಲ್ಲಿ ಆದದ್ದು. ಪ್ರಶ್ನೆ ಹೀಗಿತ್ತು: 10 ಕಿಲೋಗ್ರಾಂ ದ್ರವ್ಯರಾಶಿಯ ಒಂದು ಪೆಟ್ಟಿಗೆ 20 ಡಿಗ್ರಿ ಓರೆಯಾಗಿರುವ ಹಲಗೆಯ ಮೇಲೆ ನಿಶ್ಚಲವಾಗಿದೆ, ಘರ್ಷಣ ಗುಣಾಂಕ 0.6; ಪೆಟ್ಟಿಗೆಯ ಮೇಲಿನ ಘರ್ಷಣಬಲವೆಷ್ಟು? ಇದಕ್ಕಿಂತ ಸುಲಭವಾದ ಪ್ರಶ್ನೆ ಉಂಟೆ ಎಂದುಕೊಂಡು ಬರೆದೆ. ತೂಕ 98 ನ್ಯೂಟನ್. ಅದನ್ನು 20 ಡಿಗ್ರಿಯ ಕೊಸೈನಿನಿಂದ ಗುಣಿಸಿದರೆ ಲಂಬಪ್ರತಿಕ್ರಿಯೆ 92 ನ್ಯೂಟನ್. ಅದನ್ನು 0.6ರಿಂದ ಗುಣಿಸಿದರೆ ಘರ್ಷಣೆ 55 ನ್ಯೂಟನ್. ಕೆಳಗೆ ಎರಡು ಗೆರೆ ಎಳೆದು ಮುಗಿಸಿದೆ.

ಉತ್ತರಪತ್ರಿಕೆ ಹಿಂದಿರುಗಿದಾಗ ಅಂಕದ ಜಾಗದಲ್ಲಿ ಸೊನ್ನೆ ಇತ್ತು. ಪಕ್ಕದಲ್ಲಿ ನಮ್ಮ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: "ಹಾಗಾದರೆ ಪೆಟ್ಟಿಗೆ ತಾನಾಗಿಯೇ ಮೇಲಕ್ಕೆ ಹತ್ತಬೇಕಲ್ಲವೇನಯ್ಯಾ?"

ಅವರ ಮಾತು ಅರ್ಥವಾಗಲು ನನಗೆ ಅರ್ಧ ಗಂಟೆ ಹಿಡಿಯಿತು. ಪೆಟ್ಟಿಗೆಯನ್ನು ಇಳಿಜಾರಿನುದ್ದಕ್ಕೆ ಕೆಳಗೆಳೆಯುವುದು ತೂಕದ ಒಂದು ಭಾಗ ಮಾತ್ರ. ತೂಕವನ್ನು ಓರೆಕೋನದ ಸೈನಿನಿಂದ ಗುಣಿಸಿದರೆ ಆ ಭಾಗ ಸಿಗುತ್ತದೆ. ಇಲ್ಲಿ 98ನ್ನು 0.342ರಿಂದ ಗುಣಿಸಿದರೆ 33.5 ನ್ಯೂಟನ್. ನನ್ನ ಉತ್ತರದಂತೆ ಘರ್ಷಣೆಯು ಮೇಲ್ಮುಖವಾಗಿ 55 ನ್ಯೂಟನ್ ಎಳೆಯುತ್ತಿದ್ದರೆ, ಉಳಿದ ಸುಮಾರು 22 ನ್ಯೂಟನ್ ಬಲದಿಂದ ಆ ಪೆಟ್ಟಿಗೆ ಯಾರೂ ಮುಟ್ಟದೆ ಹಲಗೆಯ ಮೇಲೆ ಏರಲಾರಂಭಿಸಬೇಕು. ಅದೂ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಿನ ವೇಗೋತ್ಕರ್ಷದಿಂದ! ಅಂಥ ಪೆಟ್ಟಿಗೆ ಸಿಕ್ಕಿದರೆ ಪೆಟ್ರೋಲಿನ ಗೊಡವೆಯೇ ಇರುತ್ತಿರಲಿಲ್ಲ. ನಿಜವಾದ ಉತ್ತರ 33.5 ನ್ಯೂಟನ್. ಪೆಟ್ಟಿಗೆ ನಿಂತಿದೆ ಎಂದು ಪ್ರಶ್ನೆಯಲ್ಲೇ ಹೇಳಿದ್ದರು. ನಿಂತಿದೆ ಎಂದಮೇಲೆ ಕೆಳಗೆಳೆಯುವುದು ಎಷ್ಟೋ ಮೇಲಕ್ಕೆ ತಡೆಯುವುದೂ ಅಷ್ಟೆ. ಗುಣಾಂಕವನ್ನು ಕೊಟ್ಟದ್ದು ನನ್ನಂಥವರನ್ನು ಹಳ್ಳಕ್ಕೆ ಕೆಡಹುವುದಕ್ಕೆ.

ಘರ್ಷಣೆಯ ಸ್ವಭಾವವೇ ಹಾಗೆ. ಅದು ಕೇಳಿದಷ್ಟನ್ನು ಮಾತ್ರ ಕೊಡುತ್ತದೆ, ಅದೂ ಒಂದು ಮಿತಿಯವರೆಗೆ. ಗುಣಾಂಕವನ್ನು ಲಂಬಪ್ರತಿಕ್ರಿಯೆಯಿಂದ ಗುಣಿಸಿದಾಗ ಬರುವುದು ಆ ಮಿತಿ. ಅಂಗಡಿಯವನು ಕೊಡಬಹುದಾದ ಸಾಲದ ಕಡೆಯ ಮೊತ್ತವಿದ್ದ ಹಾಗೆ. ನೂರು ರೂಪಾಯಿಯ ಸಾಮಾನು ಕೊಂಡವನ ಹೆಸರಿನಲ್ಲಿ ಅಂಗಡಿಯವನು ಸಾವಿರ ರೂಪಾಯಿ ಬರೆದರೆ ಒಪ್ಪುತ್ತೇವೆಯೆ? ನಾನು ಉತ್ತರಪತ್ರಿಕೆಯಲ್ಲಿ ಮಾಡಿದ್ದು ಅದನ್ನೇ.

ಈ ಮಿತಿಯ ನಿಯಮ ಬಹಳ ಹಳೆಯದು. ಇಟಲಿಯ ಲಿಯೊನಾರ್ಡೊ ಡ ವಿಂಚಿ 15ನೆಯ ಶತಮಾನದ ಕೊನೆಯಲ್ಲಿಯೇ ಮರದ ತುಂಡುಗಳನ್ನು ಎಳೆದು ನೋಡಿ, ಘರ್ಷಣೆಯು ತೂಕವನ್ನು ಅನುಸರಿಸುತ್ತದೆ, ತಾಗುವ ಮುಖದ ವಿಸ್ತಾರವನ್ನಲ್ಲ ಎಂದು ತನ್ನ ಟಿಪ್ಪಣಿಪುಸ್ತಕಗಳಲ್ಲಿ ಬರೆದಿಟ್ಟಿದ್ದ. ಆ ಪುಸ್ತಕಗಳು ಆಗ ಅಚ್ಚಾಗಲಿಲ್ಲವಾಗಿ ಯಾರಿಗೂ ಉಪಯೋಗವಾಗಲಿಲ್ಲ. 1699ರಲ್ಲಿ ಫ್ರಾನ್ಸಿನ ಅಮಾಂಟಾನ್ಸ್ ಅದೇ ನಿಯಮವನ್ನು ಮತ್ತೆ ಕಂಡುಹಿಡಿದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ನಿಂತ ವಸ್ತುವಿನ ಘರ್ಷಣೆ ಬೇರೆ, ಜಾರುವ ವಸ್ತುವಿನ ಘರ್ಷಣೆ ಬೇರೆ ಎಂಬುದನ್ನು ಓರೆ ಹಲಗೆಯ ಲೆಕ್ಕದಿಂದಲೇ ಆಯ್ಲರ್ ಎಂಬ ಗಣಿತಜ್ಞ 18ನೆಯ ಶತಮಾನದಲ್ಲಿ ವಿಚಾರ ಮಾಡಿದ. ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬನೇ ಹಡಗುಗಳನ್ನು ನೀರಿಗಿಳಿಸುವ ಇಳಿಜಾರುಗಳ, ಹಗ್ಗಗಳ, ಯಂತ್ರಗಳ ಘರ್ಷಣೆಯನ್ನು ಅಳೆದು, 1781ರಲ್ಲಿ ಅಕಾಡೆಮಿಯ ಬಹುಮಾನವನ್ನು ಪಡೆದ.

ವಿಸ್ತಾರ ಹೆಚ್ಚಾದರೂ ಘರ್ಷಣೆ ಏಕೆ ಹೆಚ್ಚುವುದಿಲ್ಲ ಎಂಬ ಒಗಟು ಮಾತ್ರ ಬಹಳ ದಿನ ಉಳಿದಿತ್ತು. ಕೇಂಬ್ರಿಜಿನ ಬೌಡನ್ ಮತ್ತು ಟೇಬರ್ ಎಂಬಿಬ್ಬರು ಇದನ್ನು ಬಿಡಿಸಿದರು. ಅವರ ಗ್ರಂಥ 1950ರಲ್ಲಿ ಹೊರಬಂದಿತು. ಎಷ್ಟೇ ನುಣುಪಾದ ಮೈಯಾದರೂ ಸೂಕ್ಷ್ಮವಾಗಿ ನೋಡಿದರೆ ಗುಡ್ಡಬೆಟ್ಟಗಳ ಸೀಮೆಯಂತಿರುತ್ತದೆ. ಎರಡು ಮೈಗಳನ್ನು ಒಂದರ ಮೇಲೊಂದು ಇಟ್ಟರೆ ತುದಿಗಳು ಮಾತ್ರ ತಾಗುತ್ತವೆ. ನಿಜವಾಗಿ ತಾಗುವ ಜಾಗ ಕಣ್ಣಿಗೆ ಕಾಣುವ ವಿಸ್ತಾರದಲ್ಲಿ ಅತ್ಯಲ್ಪ. ಮೇಲಿನ ಒತ್ತಡ ಹೆಚ್ಚಿದಂತೆ ಆ ತುದಿಗಳು ನಜ್ಜಾಗಿ ತಾಗುವ ಜಾಗ ಹೆಚ್ಚುತ್ತದೆ. ಪೆಟ್ಟಿಗೆಯನ್ನು ಅಡ್ಡ ಇಟ್ಟರೂ ನೆಟ್ಟಗೆ ನಿಲ್ಲಿಸಿದರೂ ಒತ್ತಡದ ಮೊತ್ತ ಒಂದೇ, ಆದುದರಿಂದ ನಿಜಸ್ಪರ್ಶದ ಜಾಗವೂ ಹೆಚ್ಚುಕಡಮೆ ಒಂದೇ.

ಇರಲಿ. ಲೆಕ್ಕಕ್ಕೆ ಬರೋಣ. ಸೈನ್ ಎಲ್ಲಿ, ಕೊಸೈನ್ ಎಲ್ಲಿ ಎಂಬ ಗೊಂದಲ ನನ್ನ ಹುಡುಗರಿಗೆ ತಿಂಗಳಿಗೊಮ್ಮೆ ಬರುತ್ತದೆ. ಬಾಯಿಪಾಠ ಮಾಡಿದ್ದು ಪರೀಕ್ಷೆಯ ದಿನ ಕೈಕೊಡುತ್ತದೆ. ಅದರ ಬದಲು ಹಲಗೆಯನ್ನು ಮನಸ್ಸಿನಲ್ಲಿಯೇ ಪೂರ್ತಿ ಮಲಗಿಸಿ ನೋಡಬೇಕು. ಮಲಗಿದ ಹಲಗೆಯ ಮೇಲೆ ಪೆಟ್ಟಿಗೆಯನ್ನು ಎಳೆಯುವ ಬಲ ಸೊನ್ನೆ. ಹಲಗೆಯನ್ನು ಒತ್ತುವುದು ಪೂರ್ತಿ ತೂಕ. ಸೊನ್ನೆ ಡಿಗ್ರಿಯಲ್ಲಿ ಸೊನ್ನೆಯಾಗುವುದು ಸೈನ್. ಆದುದರಿಂದ ಎಳೆಯುವ ಭಾಗಕ್ಕೆ ಸೈನ್, ಒತ್ತುವ ಭಾಗಕ್ಕೆ ಕೊಸೈನ್. ಈ ಪರೀಕ್ಷೆಗೆ ಎರಡು ಕ್ಷಣ ಸಾಕು.

ಈಗ ಹಲಗೆಯನ್ನು ಮೆಲ್ಲಮೆಲ್ಲನೆ ಎತ್ತುತ್ತ ಹೋಗೋಣ. ಎಳೆಯುವ ಭಾಗ ಹೆಚ್ಚುತ್ತದೆ, ಘರ್ಷಣೆಯ ಮಿತಿ ಇಳಿಯುತ್ತದೆ. ಎರಡೂ ಸಮನಾದ ಗಳಿಗೆಯಲ್ಲಿ ಪೆಟ್ಟಿಗೆ ಜಾರತೊಡಗುತ್ತದೆ. ಆ ಗಳಿಗೆಯ ಸಮೀಕರಣವನ್ನು ಬರೆದರೆ ತೂಕವು ಎರಡೂ ಕಡೆಯಿಂದ ಹೊಡೆದುಹೋಗಿ, ಓರೆಕೋನದ ಟ್ಯಾಂಜೆಂಟೇ ಘರ್ಷಣ ಗುಣಾಂಕ ಎಂಬ ಸೊಗಸಾದ ಫಲ ಬರುತ್ತದೆ. ಟ್ಯಾಂಜೆಂಟ್ ಎಂದರೆ ಎತ್ತರವನ್ನು ಬುಡದ ಅಳತೆಯಿಂದ ಭಾಗಿಸಿದ್ದು. ಹಾಗಾಗಿ ಗುಣಾಂಕವನ್ನು ಅಳೆಯಲು ಪ್ರಯೋಗಶಾಲೆ ಬೇಡ. ಒಂದು ಹಲಗೆ, ಒಂದು ಅಳತೆಪಟ್ಟಿ ಸಾಕು. ಖಾಲಿ ಪೆಟ್ಟಿಗೆಯೂ ತುಂಬಿದ ಪೆಟ್ಟಿಗೆಯೂ ಒಂದೇ ಕೋನದಲ್ಲಿ ಜಾರುತ್ತವೆ ಎಂಬುದು ಅನೇಕರಿಗೆ ನಂಬಿಕೆಯಾಗದ ಮಾತು, ಆದರೆ ನಿಜ. ಸುಗ್ಗಿಯ ಕಣದಲ್ಲಿ ರಾಶಿ ನೋಡಿದವರಿಗೆ ಇದು ಹೊಸದಲ್ಲ. ರಾಗಿಯನ್ನು ಸುರಿಯುತ್ತ ಹೋದಂತೆ ರಾಶಿ ದೊಡ್ಡದಾಗುತ್ತದೆಯೇ ಹೊರತು ಅದರ ಓರೆ ಕಡಿದಾಗುವುದಿಲ್ಲ. ಮೊರದಷ್ಟು ರಾಗಿಯಾಗಲಿ, ಹತ್ತು ಮೂಟೆ ರಾಗಿಯಾಗಲಿ, ಹೆಚ್ಚುಕಡಮೆ ಅದೇ ಕೋನ. ಮಿತಿ ಮೀರಿದ ಕಾಳು ಜಾರಿ ಬುಡಕ್ಕೆ ಬರುತ್ತದೆ.

ಎರಡನೆಯ ತಪ್ಪಿನ ವಿಷಯ ಇಲ್ಲಿಂದಲೇ ಆರಂಭ.

ನಾವು ಮನೆ ಬದಲಾಯಿಸಿದ ವರ್ಷ. ಅಪ್ಪನ ಕಾಲದ ತಗಡಿನ ಟ್ರಂಕು ಒಂದಿತ್ತು; ಅದರ ತುಂಬ ಪುಸ್ತಕ; ಎಲ್ಲ ಸೇರಿ 60 ಕಿಲೋಗ್ರಾಂ. ಬಾಡಿಗೆ ಟೆಂಪೋವಿನ ಹಾಸು ನೆಲದಿಂದ 75 ಸೆಂಟಿಮೀಟರ್ ಎತ್ತರ. ನಮ್ಮಲ್ಲಿದ್ದ ಹಲಗೆ ಎರಡೂವರೆ ಮೀಟರ್ ಉದ್ದ. ಇದು ಪುಸ್ತಕದ ಲೆಕ್ಕವೇ ಎದ್ದುಬಂದ ಹಾಗಿದೆಯಲ್ಲ ಎಂದು ನನಗೆ ಹಿಗ್ಗು. ಬೆಳಗ್ಗೆಯೇ ಖಾಲಿ ಟ್ರಂಕನ್ನು ಹಲಗೆಯ ಮೇಲಿಟ್ಟು ಒಂದು ತುದಿಯನ್ನು ಎತ್ತಿಸಿ ನೋಡಿದೆ. ತುದಿ 93 ಸೆಂಟಿಮೀಟರ್ ಏರಿದಾಗ ಟ್ರಂಕು ಜಾರಿತು. ಆಗ ಬುಡದ ಅಳತೆ 2.32 ಮೀಟರ್, ಭಾಗಿಸಿದರೆ ಗುಣಾಂಕ 0.40.

ಕಾಗದದ ಮೇಲೆ ಬರೆದೆ. ಎತ್ತರವನ್ನು ಹಲಗೆಯ ಉದ್ದದಿಂದ ಭಾಗಿಸಿದರೆ ಸೈನ್ 0.30, ಕೊಸೈನ್ 0.954. ತೂಕ 588 ನ್ಯೂಟನ್. ಕೆಳಗೆಳೆಯುವ ಭಾಗ 176 ನ್ಯೂಟನ್. ಲಂಬಪ್ರತಿಕ್ರಿಯೆ 561, ಘರ್ಷಣೆಯ ಮಿತಿ 224. ಮಿತಿ ಹೆಚ್ಚು, ಎಳೆತ ಕಡಮೆ. ಆದುದರಿಂದ ಟ್ರಂಕನ್ನು ನಡುವೆ ಬಿಟ್ಟರೂ ನಿಲ್ಲುತ್ತದೆ. ಮೇಲಕ್ಕೆ ತಳ್ಳಬೇಕಾದರೆ 176ನ್ನೂ 224ನ್ನೂ ಕೂಡಿ 400 ನ್ಯೂಟನ್, ಎಂದರೆ 41 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಇಬ್ಬರಿಗೆ ಕಷ್ಟವಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಒಂದು ಟ್ರಂಕಿನಲ್ಲಿ ಘರ್ಷಣೆಯ ಇಡೀ ಅಧ್ಯಾಯ ಅಡಗಿದೆ. ಯಾರೂ ಮುಟ್ಟದೆ ಇದ್ದಾಗ ಘರ್ಷಣೆ ಎಷ್ಟು? 224 ಅಲ್ಲ, 176, ಮೇಲ್ಮುಖ. ನಾನೊಬ್ಬನೇ 100 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳಿದರೆ? ಟ್ರಂಕು ಅಲುಗುವುದಿಲ್ಲ, ಘರ್ಷಣೆಯ ಕೆಲಸ ಮಾತ್ರ ಹಗುರವಾಗಿ 76ಕ್ಕೆ ಇಳಿಯುತ್ತದೆ. 176 ನ್ಯೂಟನ್ ತಳ್ಳಿದರೆ ಘರ್ಷಣೆ ಸೊನ್ನೆ, ಗುಣಾಂಕ 0.40 ಇದ್ದೂ ಸೊನ್ನೆ! ಇನ್ನೂ ಹೆಚ್ಚಿಸಿ 250 ನ್ಯೂಟನ್ ತಳ್ಳಿದರೆ ಘರ್ಷಣೆ ಪಕ್ಷ ಬದಲಿಸಿ ಕೆಳಮುಖವಾಗಿ 74 ನ್ಯೂಟನ್ ಆಗುತ್ತದೆ. 400 ಮುಟ್ಟುವವರೆಗೂ ಟ್ರಂಕು ಅಲ್ಲೇ. ಇನ್ನೊಂದು ಕಡೆಗೆ, ಕೆಳಕ್ಕೆ ತಳ್ಳುವುದಾದರೆ 224ರಲ್ಲಿ 176 ಕಳೆದು 48 ನ್ಯೂಟನ್ ಸಾಕು. ಐದು ಕಿಲೋಗ್ರಾಂ ಅಕ್ಕಿಯ ತೂಕ. ಘರ್ಷಣೆ ಯಾವಾಗಲೂ ಮೇಲ್ಮುಖ ಎಂದೋ ಯಾವಾಗಲೂ ಕೆಳಮುಖ ಎಂದೋ ಗುರುತು ಹಾಕುವವರು ಈ ಟ್ರಂಕನ್ನು ನೆನೆದರೆ ಒಳ್ಳೆಯದು. ಘರ್ಷಣೆಗೆ ಸ್ವಂತ ದಿಕ್ಕಿಲ್ಲ. ವಸ್ತು ಎತ್ತ ಜಾರಲು ಹವಣಿಸುತ್ತದೆಯೋ ಅದಕ್ಕೆ ಎದುರು.

ಮಧ್ಯಾಹ್ನ ಸಾಮಾನು ಏರಿಸುವ ಹೊತ್ತಿಗೆ ಒಂದು ಹದ ಮಳೆ ಬಂದು ನಿಂತಿತು. ಹಲಗೆ ಅಂಗಳದಲ್ಲೇ ಇತ್ತು. ನಾನೂ ಅಣ್ಣನೂ ಟ್ರಂಕನ್ನು ಮುಕ್ಕಾಲು ಪಾಲು ಏರಿಸಿದೆವು. ತಳ್ಳುವುದು ಬೆಳಗಿನ ಲೆಕ್ಕಕ್ಕಿಂತ ಸುಲಭವಾಗಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಟೆಂಪೋವಿನ ಮೇಲೆ ಜಾಗ ಮಾಡಬೇಕಾಗಿದ್ದುದರಿಂದ ನಾನು, "ಕೈ ಬಿಡಣ್ಣ, ನಿಲ್ಲತ್ತೆ. ಲೆಕ್ಕ ಹಾಕಿದೀನಿ" ಎಂದೆ. ಅಣ್ಣ ನನ್ನ ಮಾತನ್ನು ನಂಬಿ ಕೈ ಬಿಟ್ಟ. ಟ್ರಂಕು ನಿಲ್ಲಲಿಲ್ಲ. ಅದರ ಅಂಚು ಬಂದು ಅವನ ಬಲಗಾಲಿನ ಮೇಲೆ ಕುಳಿತಿತು. ಹೆಬ್ಬೆರಳಿನ ಮೂಳೆ ಮುರಿದು, ಒಂದೂವರೆ ತಿಂಗಳು ಅವನು ಕುಂಟಿಕೊಂಡೇ ಕೆಲಸಕ್ಕೆ ಹೋದ. ಆ ರಾತ್ರಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವನು ನನ್ನನ್ನು ಬಯ್ಯಲಿಲ್ಲ. "ಏನೋ, ನಿನ್ನ ಲೆಕ್ಕದಲ್ಲಿ ಮಳೆ ಇರಲಿಲ್ಲವೇನೋ?" ಎಂದು ಮಾತ್ರ ಕೇಳಿದ.

ಮಾರನೆಯ ದಿನ ಹಲಗೆಯನ್ನು ನೀರಿನಲ್ಲಿ ನೆನೆಸಿ, ಟ್ರಂಕನ್ನು ಬರಿದು ಮಾಡಿ, ಮತ್ತೆ ಎತ್ತಿ ನೋಡಿದೆ. ಈ ಸಲ 49 ಸೆಂಟಿಮೀಟರಿಗೇ ಜಾರಿತು. ಗುಣಾಂಕ 0.20, ಒಣಗಿದಾಗಿನ ಅರ್ಧ. ಬಳಿಕ ನೋಡಿದರೆ ಲೋಹ ಮತ್ತು ಒದ್ದೆ ಮರಕ್ಕೆ ಕೈಪಿಡಿಗಳಲ್ಲಿ ಕೊಡುವ ಬೆಲೆಯೂ ಅಷ್ಟೇ ಇತ್ತು. ಟೆಂಪೋವಿನ ಎತ್ತರ 75. ಒಣ ಹಲಗೆಯ ಮಿತಿ 93, ಒದ್ದೆ ಹಲಗೆಯ ಮಿತಿ 49. ಸೈನು ಕೊಸೈನುಗಳ ಹಂಗಿಲ್ಲದೆ ಮೂರನೆಯ ತರಗತಿಯ ಮಗುವಿಗೂ ಹೇಳಬಹುದಾದ ಲೆಕ್ಕ ಇದು. ಗುಣಾಂಕವು ಟ್ರಂಕಿನ ಗುಣವಲ್ಲ, ಹಲಗೆಯ ಗುಣವೂ ಅಲ್ಲ. ಆ ಎರಡು ಮೈಗಳು ಆ ಹೊತ್ತಿನಲ್ಲಿ ಕೂಡಿದ ರೀತಿಯ ಗುಣ. "ಗುಣಾಂಕ 0.4 ಎಂದು ತಿಳಿಯಿರಿ" ಎಂದು ಪುಸ್ತಕ ಹೇಳುವಾಗ ಅದರಲ್ಲಿ ಹವಾಮಾನವೂ ಸೇರಿರುತ್ತದೆ.

ಒದ್ದೆ ಹಲಗೆಯ ಲೆಕ್ಕವನ್ನೂ ಪೂರೈಸಿಬಿಡುತ್ತೇನೆ. ಎಳೆತ ಮೊದಲಿನಂತೆ 176 ನ್ಯೂಟನ್. ಮಿತಿ ಈಗ 112. ವ್ಯತ್ಯಾಸ 64 ನ್ಯೂಟನ್. ಇದನ್ನು 60 ಕಿಲೋಗ್ರಾಂನಿಂದ ಭಾಗಿಸಿದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 1.07 ಮೀಟರ್. ಜಾರುವಾಗಿನ ಗುಣಾಂಕ ನಿಂತಾಗಿನದಕ್ಕಿಂತ ಸ್ವಲ್ಪ ಕಡಮೆಯೇ ಇರುವುದು ವಾಡಿಕೆ. ಅದನ್ನು ಬಿಟ್ಟರೂ ಒಂದೂವರೆ ಮೀಟರ್ ಜಾರುವಷ್ಟರಲ್ಲಿ ವೇಗ ಸೆಕೆಂಡಿಗೆ 1.8 ಮೀಟರ್ ಆಗುತ್ತದೆ. ಚುರುಕಾಗಿ ನಡೆಯುವ ಮನುಷ್ಯನ ವೇಗ, ಅಷ್ಟೆ. ಹಿಡಿದ ಕಾಲವೂ ಒಂದೂಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಮೆ. ಆದರೆ ಬರುತ್ತಿದ್ದುದು 60 ಕಿಲೋಗ್ರಾಂ. ಇದರಲ್ಲಿ ನನ್ನನ್ನು ಇಂದಿಗೂ ಚುಚ್ಚುವುದು ಆ 64 ನ್ಯೂಟನ್. ಎಂದರೆ ಆರೂವರೆ ಕಿಲೋಗ್ರಾಂ ತೂಕದ ಬಲ. ನಾನು ಒಂದು ಕೈಯನ್ನು ಟ್ರಂಕಿಗೆ ಆನಿಸಿಕೊಂಡಿದ್ದರೂ ಅದು ನಿಲ್ಲುತ್ತಿತ್ತು.

ಇಷ್ಟು ತಿಳಿದ ಮೇಲೆ ಪರೀಕ್ಷೆಯ ಇತರ ಲೆಕ್ಕಗಳು ಕಷ್ಟವಾಗಲಾರವು. ಆದರೂ ಎರಡು ಮೂರು ಬಲೆಗಳನ್ನು ತೋರಿಸಬೇಕು.

ತಳ್ಳುವ ಬಲವನ್ನು ಹಲಗೆಯುದ್ದಕ್ಕೆ ಕೊಡದೆ ನೆಲಕ್ಕೆ ಸಮಾನಾಂತರವಾಗಿ ಕೊಟ್ಟರೆ ಎಂಬುದು ಮೆಚ್ಚಿನ ಪ್ರಶ್ನೆ. ಇಲ್ಲಿ ವಿದ್ಯಾರ್ಥಿಗಳು ಲಂಬಪ್ರತಿಕ್ರಿಯೆಯನ್ನು ಹಳೆಯ 561 ಎಂದೇ ಇಟ್ಟುಕೊಳ್ಳುತ್ತಾರೆ. ಲಂಬಪ್ರತಿಕ್ರಿಯೆ ಎಂದರೆ ತೂಕ ಗುಣಿಸು ಕೊಸೈನ್ ಎಂದು ಉರುಹೊಡೆದುದರ ಫಲ. ನೆಲಕ್ಕೆ ಸಮಾನಾಂತರವಾದ ಬಲ ಪೆಟ್ಟಿಗೆಯನ್ನು ಹಲಗೆಗೆ ಇನ್ನಷ್ಟು ಅದುಮುತ್ತದೆ. ಒತ್ತಡ ಹೆಚ್ಚಿದರೆ ಘರ್ಷಣೆಯ ಮಿತಿಯೂ ಹೆಚ್ಚುತ್ತದೆ. ನಮ್ಮ ಒಣ ಹಲಗೆಯ ಟ್ರಂಕಿಗೇ ಲೆಕ್ಕ ಹಾಕಿದರೆ, ಸೈನಿಗೆ ಗುಣಾಂಕದಷ್ಟು ಕೊಸೈನನ್ನು ಕೂಡಿ, ಕೊಸೈನಿನಿಂದ ಗುಣಾಂಕದಷ್ಟು ಸೈನನ್ನು ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ತೂಕದಿಂದ ಗುಣಿಸಬೇಕು: 0.682ನ್ನು 0.834ರಿಂದ ಭಾಗಿಸಿ 588ರಿಂದ ಗುಣಿಸಿದರೆ ಸುಮಾರು 480 ನ್ಯೂಟನ್. ಮೊದಲು 400 ಸಾಕಾಗಿತ್ತು. 80 ನ್ಯೂಟನ್ ದಂಡ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಲಗೆ ಕಡಿದಾಗುತ್ತ ಹೋದಂತೆ ಭಾಗಿಸುವ ಸಂಖ್ಯೆ ಕುಗ್ಗುತ್ತದೆ, ಗುಣಾಂಕ 0.4 ಇದ್ದರೆ ಸುಮಾರು 68 ಡಿಗ್ರಿಯಲ್ಲಿ ಅದು ಸೊನ್ನೆಯಾಗುತ್ತದೆ. ಅಲ್ಲಿಂದ ಮುಂದೆ ಆನೆ ಬಂದು ತಳ್ಳಿದರೂ ಅಡ್ಡಬಲದಿಂದ ಪೆಟ್ಟಿಗೆ ಮೇಲೇರದು. ಹೆಚ್ಚು ತಳ್ಳಿದಷ್ಟೂ ಹೆಚ್ಚು ಕಚ್ಚಿಕೊಳ್ಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹಗ್ಗ ಕಟ್ಟಿ ಹಲಗೆಯಿಂದ ತುಸು ಮೇಲೆತ್ತಿದ ಕೋನದಲ್ಲಿ ಎಳೆದರೆ ಒತ್ತಡ ಇಳಿದು ಕೆಲಸ ಹಗುರವಾಗುತ್ತದೆ. ಎಲ್ಲಕ್ಕಿಂತ ಹಗುರವಾಗುವ ಕೋನವೆಂದರೆ ಪೆಟ್ಟಿಗೆ ತಾನಾಗಿ ಜಾರತೊಡಗುವ ಕೋನವೇ, ಇಲ್ಲಿ 21.8 ಡಿಗ್ರಿ. ಆಗ 372 ನ್ಯೂಟನ್ ಸಾಕು.

ಇನ್ನೊಂದು ಬಲೆ ಕಪ್ಪಿಯ ಲೆಕ್ಕದ್ದು. 30 ಡಿಗ್ರಿ ಓರೆಯ ಮೇಲೆ 5 ಕಿಲೋಗ್ರಾಂ ಪೆಟ್ಟಿಗೆ, ಅದಕ್ಕೆ ಕಟ್ಟಿದ ದಾರ ಹಲಗೆಯ ತುದಿಯ ಕಪ್ಪಿಯ ಮೇಲೆ ಹಾದು 3 ಕಿಲೋಗ್ರಾಂ ತೂಕವನ್ನು ತೂಗಾಡಿಸುತ್ತಿದೆ, ಗುಣಾಂಕ 0.3, ವೇಗೋತ್ಕರ್ಷವೆಷ್ಟು? ತೂಗುವ ಬಲ 29.4, ಓರೆಯಲ್ಲಿ ಎಳೆಯುವ ಬಲ 24.5. ಘರ್ಷಣೆ ಇಲ್ಲದಿದ್ದರೆ ಪೆಟ್ಟಿಗೆ ಮೇಲೇರುತ್ತಿತ್ತು. ಆದುದರಿಂದ ಘರ್ಷಣೆ ಕೆಳಮುಖ. ಇಷ್ಟು ಸರಿಯಾಗಿ ಬರೆದು, ಅನಂತರ ಘರ್ಷಣೆಗೆ 12.7 ಎಂದು ಮಿತಿಯನ್ನೇ ತುಂಬಿ, ಒಟ್ಟು ದ್ರವ್ಯರಾಶಿ 8ರಿಂದ ಭಾಗಿಸಿದರೆ ವೇಗೋತ್ಕರ್ಷಕ್ಕೆ ಋಣಚಿಹ್ನೆ ಬರುತ್ತದೆ: ಸುಮಾರು 0.98. "ಚಿಹ್ನೆ ಋಣವಾದ್ದರಿಂದ ಪೆಟ್ಟಿಗೆ ಕೆಳಕ್ಕೆ ಜಾರುತ್ತದೆ" ಎಂದು ನನ್ನ ಒಬ್ಬ ಹುಡುಗ ಧೈರ್ಯವಾಗಿ ಬರೆದ. ಎಂದರೆ ಘರ್ಷಣೆಯೇ ಪೆಟ್ಟಿಗೆಯನ್ನು ಎಳೆದುಕೊಂಡು ಹೋಯಿತು! ಇದು ನಮ್ಮ ಅಧ್ಯಾಪಕರ ಏರುವ ಪೆಟ್ಟಿಗೆಯ ತಮ್ಮ. ಪೆಟ್ಟಿಗೆ ನಿಲ್ಲಲು ಬೇಕಾದ ಘರ್ಷಣೆ 29.4ರಲ್ಲಿ 24.5 ಕಳೆದು 4.9 ಮಾತ್ರ, ಮಿತಿ 12.7. ಬೇಕಾದದ್ದು ಮಿತಿಯೊಳಗಿದೆ, ಆದುದರಿಂದ ಏನೂ ಚಲಿಸುವುದಿಲ್ಲ. ವೇಗೋತ್ಕರ್ಷ ಸೊನ್ನೆ, ಘರ್ಷಣೆ 4.9 ನ್ಯೂಟನ್. ಮೊದಲು ಘರ್ಷಣೆ ಇಲ್ಲವೆಂದು ಭಾವಿಸಿ ಹವಣಿಕೆಯ ದಿಕ್ಕನ್ನು ಕಾಣುವುದು, ಬಳಿಕ ವಸ್ತು ನಿಂತಿದೆಯೆಂದು ಭಾವಿಸಿ ಬೇಕಾದ ಘರ್ಷಣೆಯನ್ನು ಕಾಣುವುದು, ಆಮೇಲೆ ಮಿತಿಯೊಡನೆ ಹೋಲಿಸುವುದು: ಈ ಕ್ರಮ ಬಿಟ್ಟವನಿಗೆ ಇಂಥ ಋಣಚಿಹ್ನೆ ಕಟ್ಟಿಟ್ಟದ್ದು.

ಮೇಲಕ್ಕೆ ತಳ್ಳಿ ಬಿಟ್ಟ ಪೆಟ್ಟಿಗೆಯ ಲೆಕ್ಕ ಚಿಕ್ಕದು. ಏರುವಾಗ ಘರ್ಷಣೆಯೂ ತೂಕದ ಭಾಗವೂ ಒಂದೇ ಕಡೆ ಎಳೆಯುತ್ತವೆ, ಇಳಿಯುವಾಗ ಎದುರುಬದುರು. 30 ಡಿಗ್ರಿ ಓರೆ, ಗುಣಾಂಕ 0.25 ಆದರೆ ಏರುವಾಗ ವೇಗ ಕುಂದುವುದು 7.02 ಗತಿಯಲ್ಲಿ, ಇಳಿಯುವಾಗ ಹೆಚ್ಚುವುದು 2.78 ಗತಿಯಲ್ಲಿ. ಇಳಿಯಲು ಏರಿದ್ದಕ್ಕಿಂತ ಒಂದೂವರೆ ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ಓರೆ ಸಾಕಷ್ಟಿಲ್ಲದಿದ್ದರೆ ಏರಿದ ಪೆಟ್ಟಿಗೆ ಇಳಿಯುವುದೇ ಇಲ್ಲ. ಇಳಿಯುತ್ತದೆಯೆ ಎಂದು ಕೇಳದೆ ಕಾಲ ಕಂಡುಹಿಡಿಯಲು ಹೊರಡುವವರೇ ಬಹಳ.

ಇದೆಲ್ಲ ಪೆಟ್ಟಿಗೆಯ ಮಾತಾಯಿತು. ರೈಲಿಗೂ ಇದೇ ನ್ಯಾಯ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಳಿ 1979ರಲ್ಲಿ ಮೀಟರ್ ಗೇಜಿನಲ್ಲಿ ಆರಂಭವಾಯಿತು. ಬಳಿಕ ಬ್ರಾಡ್ ಗೇಜಾಗಿ ಮಾರ್ಪಟ್ಟಿತು. ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ ಏರು 50ಕ್ಕೆ 1. ಕೋನವನ್ನು ಲೆಕ್ಕ ಹಾಕಿದರೆ 1.15 ಡಿಗ್ರಿ, ನಮ್ಮ ಹಲಗೆಯ ಮುಂದೆ ಇದು ಏರೇ ಅಲ್ಲ. ಆದರೂ ಅಲ್ಲಿ ಭಾರದ ಗಾಡಿಗೆ ಹೆಚ್ಚಿನ ಎಂಜಿನುಗಳನ್ನು ಜೋಡಿಸಬೇಕಾಗುತ್ತದೆ. ಕಾರಣ ಶಕ್ತಿಯೊಂದೇ ಅಲ್ಲ. ಗಾಡಿಯನ್ನು ಮೇಲಕ್ಕೆ ಎಳೆಯುವುದು ಎಂಜಿನಿನ ಚಕ್ರಕ್ಕೂ ಹಳಿಗೂ ನಡುವಣ ಘರ್ಷಣೆ. ಅದರ ಮಿತಿಗೆ ಲೆಕ್ಕ ಎಂಜಿನಿನ ತೂಕ ಮಾತ್ರ, ಹಿಂದಿನ ಡಬ್ಬಿಗಳದ್ದಲ್ಲ. ಒಣಗಿದ ಉಕ್ಕಿನ ಮೇಲೆ ಗುಣಾಂಕ 0.25 ಎಂದಿಟ್ಟುಕೊಳ್ಳೋಣ. ಎಂಜಿನು ತನ್ನ ತೂಕದ ಕಾಲುಭಾಗದಷ್ಟು ಎಳೆಯಬಹುದು. ಏರಿನಲ್ಲಿ ಬೇಕಾಗುವುದು ಇಡೀ ಗಾಡಿಯ ತೂಕದ ಐವತ್ತನೆಯ ಒಂದು ಭಾಗ. ಆದುದರಿಂದ ಇತರ ತಡೆಗಳನ್ನು ಬಿಟ್ಟರೆ, ಎಂಜಿನೂ ಸೇರಿ ಗಾಡಿಯ ತೂಕ ಎಂಜಿನಿನ ಹನ್ನೆರಡೂವರೆ ಪಟ್ಟು ಮೀರಬಾರದು. ಮಳೆ ಬಂದು ಗುಣಾಂಕ 0.1ಕ್ಕೆ ಇಳಿದರೆ ಐದು ಪಟ್ಟು ಮಾತ್ರ. ಘಟ್ಟದ ಮಳೆ ನಮ್ಮ ಅಂಗಳದ ಹದ ಮಳೆಯಲ್ಲ. ಎಂಜಿನುಗಳು ಚಕ್ರದ ಮುಂದೆ ಹಳಿಯ ಮೇಲೆ ಮರಳು ಸುರಿಸುವ ಏರ್ಪಾಟನ್ನು ಹೊತ್ತಿರುವುದು ಇದಕ್ಕಾಗಿಯೇ.

ಈ ರೈಲಿನ ಲೆಕ್ಕವನ್ನು ಅಣ್ಣನಿಗೆ ಹೇಳಿದಾಗ ಅವನು ಮರಳಿನ ಮಾತಿಗೆ ತಲೆದೂಗಿ, ನನಗೇ ಒಂದು ಲೆಕ್ಕ ಕೊಟ್ಟ: "ಅವತ್ತು ಹಲಗೆ ಎಷ್ಟುದ್ದ ಇದ್ದಿದ್ರೆ ನನ್ನ ಕಾಲು ಉಳೀತಿತ್ತು?" ವಾಚಕರೂ ಬಿಡಿಸಬಹುದು. ಎತ್ತರ 0.75 ಮೀಟರ್, ಗುಣಾಂಕ 0.20, ಬುಡ 3.75 ಮೀಟರಿಗಿಂತ ಕಡಮೆಯಾಗಬಾರದು. ಹಾಗಾದರೆ ಹಲಗೆ 3.82 ಮೀಟರ್, ಎಂದರೆ ಹನ್ನೆರಡೂವರೆ ಅಡಿ. ಅಷ್ಟುದ್ದದ ಹಲಗೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಹಲಗೆಯ ಮೇಲೆ ಹಾಸಬಹುದಾಗಿದ್ದ ಗೋಣಿಚೀಲಗಳು ನಾಲ್ಕು, ಆ ಟ್ರಂಕಿನ ಪಕ್ಕದಲ್ಲೇ ಇದ್ದವು.